ಚನ್ನಬಸಮ್ಮನವರ ಕುಂಕುಮ ಭರಣಿ

ಭರಣಿ ಇರಬೇಕಾದ ಜಾಗದಲ್ಲಿ ದುಂಡನೆಯ ಕೆಂಪು ಗುರುತೊಂದೇ ಉಳಿದಿತ್ತು.

ದೀಪಕ್ಕೆ ಎಣ್ಣೆ ಹಾಕಲು ಬಂದಿದ್ದ ಮಧುಶ್ರೀ ಕೈಯನ್ನು ಹಾಗೇ ತಡೆದಳು. ದೇವರ ಗೂಡಿನೊಳಗೆ ಬೆರಳಾಡಿಸಿದಳು. ವಿಭೂತಿ ಗಟ್ಟಿ ಇತ್ತು. ಗಂಟೆ ಇತ್ತು. ಅತ್ತೆಯ ಮದುವೆಯ ಕಾಲದ, ಮಾವ ತೀರಿಕೊಂಡ ಮೇಲೂ ಅಲ್ಲೇ ಇದ್ದ ಬೆಳ್ಳಿಯ ಕುಂಕುಮ ಭರಣಿ — ಮುಚ್ಚಳದ ಮೇಲೆ ಪುಟ್ಟ ನವಿಲು ಕೂತಿದ್ದ ಭರಣಿ — ಇರಲಿಲ್ಲ.

ಇದೇ ಮೊದಲಾಗಿದ್ದರೆ ಅವಳು ಗಂಡನನ್ನು ಕೂಗುತ್ತಿದ್ದಳು. ಆದರೆ ಯುಗಾದಿ ಕಳೆದ ಮೇಲಿಂದ ನಂಜನಗೂಡಿನ ಆ ಮನೆಯಿಂದ ಒಂದೊಂದೇ ವಸ್ತು ಕಾಲು ಬಂದಂತೆ ನಡೆದುಹೋಗುತ್ತಿತ್ತು. ಮೊದಲು ಹಿತ್ತಾಳೆ ಚೊಂಬು. ಆಮೇಲೆ ಗಂಡ ಸೋಮಶೇಖರ್ ಮಗುವಾಗಿದ್ದಾಗ ಅನ್ನ ತಿಂದಿದ್ದ ಬೆಳ್ಳಿ ಬಟ್ಟಲು. ಗಂಧದ ಪೆಟ್ಟಿಗೆ. ಅತ್ತೆಯ ಟ್ರಂಕಿನಲ್ಲಿದ್ದ ರೇಷ್ಮೆ ರವಿಕೆ ಕಣಗಳು. ಬಾಗಿಲು ಒಡೆದಿಲ್ಲ, ಬೀಗ ಮುರಿದಿಲ್ಲ. ಬೀರುವಿನಲ್ಲಿದ್ದ ಮಧುಶ್ರೀಯ ಚಿನ್ನದ ಸರ, ಮೇಜಿನ ಮೇಲಿನ ಲ್ಯಾಪ್‌ಟಾಪ್, ಎರಡೂ ಇದ್ದಲ್ಲೇ ಇದ್ದವು. ಇದೆಂಥ ಕಳ್ಳ?

ಅವಳು ಹಿಂದಿರುಗಿ ನೋಡಿದಳು. ಹಿತ್ತಿಲ ಜಗಲಿಯ ಮೇಲೆ ಅತ್ತೆ ಚನ್ನಬಸಮ್ಮ ಬಿಸಿಲಿಗೆ ಬೆನ್ನು ಕೊಟ್ಟು ಕೂತು, ಏನೋ ಗುನುಗುತ್ತಾ ಮಲ್ಲಿಗೆ ಮೊಗ್ಗು ಆರಿಸುತ್ತಿದ್ದರು. ಅವರಿಗೆ ಪಾರ್ಕಿನ್ಸನ್ ಕಾಯಿಲೆ. ಬಲಗೈ ನಡುಗಿ, ಹೆಜ್ಜೆ ಸಣ್ಣದಾಗಿ, ಮುಖದ ನಗು ಮಂಕಾಗಿ ವರ್ಷಗಳಾಗಿದ್ದವು. ಅವರ ಮನಸ್ಸಿಗೆ ಆಘಾತವಾಗಬಾರದು ಎಂದು ಯಾರೋ ಹೇಳಿದ್ದನ್ನು ಮಕ್ಕಳಿಬ್ಬರೂ ಗಟ್ಟಿಯಾಗಿ ಹಿಡಿದುಕೊಂಡಿದ್ದರು. ಹಾಗಾಗಿ ಮನೆಯಲ್ಲಿ ಏನೇ ನಡೆಯಲಿ, ನಿಯಮ ಒಂದೇ: ಅಮ್ಮನಿಗೆ ತಿಳಿಯಬಾರದು.

ಆ ಭಾನುವಾರ ಅತ್ತೆಯ ಮಗಳು ಅರ್ಪಿತ ಬಿಳಿಗೆರೆಯ ತನ್ನ ಮನೆಗೆ ಹೋಗುವ ಬದಲು ನೇರವಾಗಿ ಇಲ್ಲಿಗೇ ಬಂದಳು. ಟಿ. ನರಸೀಪುರದಲ್ಲಿ ಮದುವೆಯೊಂದನ್ನು ಮುಗಿಸಿ, ಅಲ್ಲೇ ಇದ್ದ ಮಧುಶ್ರೀಯ ತವರಿಗೂ ತಲೆಹಾಕಿ ಬಂದಿದ್ದಳು. ಅಣ್ಣನನ್ನು ಕೋಣೆಗೆ ಕರೆದು ಬಾಗಿಲು ಮುಂದೆ ಮಾಡಿದಳು. ಪೂರ್ತಿ ಮುಚ್ಚಲಿಲ್ಲ, ಅತ್ತಿಗೆಗೆ ಕೇಳಲಿ ಎಂದೇ ಇರಬೇಕು.

"ಅಣ್ಣ, ಕಣ್ಣಾರೆ ನೋಡಿದೆ. ಅವರ ದೇವರ ಮನೇಲಿ ಇದೆ. ನವಿಲಿನ ಮುಚ್ಚಳ. ಅಮ್ಮಂದೇ ಭರಣಿ."

"ಅಂಥದ್ದು ಬೆಳ್ಳಿ ಅಂಗಡೀಲಿ ನೂರು ಸಿಗ್ತವೆ ಬಿಡು."

"ಕೊಕ್ಕು ಮುರಿದಿರೋ ನವಿಲೂ ನೂರು ಸಿಗ್ತವಾ? ಚಿಕ್ಕೋಳಿದ್ದಾಗ ಅದನ್ನ ಕಚ್ಚಿ ಮುರಿದು ಅಪ್ಪನ ಕೈಲಿ ಏಟು ತಿಂದೋಳು ನಾನು! ಎಲ್ಲಿಂದ ಬಂತು ಅಂತ ಕೇಳಿದ್ದಕ್ಕೆ ಅವರಮ್ಮ ಏನಂದ್ರು ಗೊತ್ತಾ? 'ನಮ್ಮದೇ ಕಣವ್ವಾ' ಅಂದ್ರು. ಮುಖ ಬಿಳಿಚಿಕೊಂಡಿತ್ತು."

ಹೊರಗೆ ನಿಂತಿದ್ದ ಮಧುಶ್ರೀ ಬಾಗಿಲ ಚೌಕಟ್ಟು ಹಿಡಿದಳು. ಅಂಗೈ ಬೆವರಿತು. ಗಂಡನ ಮನೆಯದನ್ನು ತವರಿಗೆ ಸಾಗಿಸುವವಳು! ತಾಂಡ್ಯದ ಕಾರ್ಖಾನೆಯ ಲ್ಯಾಬಿನಲ್ಲಿ ದಿನವಿಡೀ ಮಾದರಿಗಳನ್ನು ಪರೀಕ್ಷಿಸಿ, ಸಂಜೆ ಬಂದು ಅತ್ತೆಯ ಕಾಲಿಗೆ ಎಣ್ಣೆ ತಿಕ್ಕುವವಳಿಗೆ ಈ ಹೆಸರು ಬಂತಲ್ಲ.

ತವರಿಗೆ, ಅಮ್ಮನಿಗೆ ಫೋನ್ ಮಾಡಿದಳು. "ಅಮ್ಮಾ, ಆ ಭರಣಿ—"

ಆ ಕಡೆಯಿಂದ ಮಾದೇವಮ್ಮ ಹೇಳಿದರು: "ಅದೊಂದು ನನ್ನ ಕೇಳಬೇಡ ಮಗಾ. ನಿನ್ನ ಕಾಲಿಗೆ ಬೀಳ್ತೀನಿ."

ಆರೋಪಕ್ಕಿಂತ ಇದು ಹೆಚ್ಚು ನೋಯಿಸಿತು. ಹೋದ ವಾರ ಅಮ್ಮ ಗುಡಿಗೆಂದು ನಂಜನಗೂಡಿಗೆ ಬಂದಿದ್ದರು. ಇವಳು ಕೆಲಸದಲ್ಲಿದ್ದ ಹೊತ್ತಿನಲ್ಲಿ ಮನೆಗೂ ಬಂದು ಹೋಗಿದ್ದರು. ಹಾಗಾದರೆ ಅಮ್ಮನೇ...? ಆ ಯೋಚನೆಯನ್ನು ಪೂರ್ತಿ ಮಾಡಲು ಅವಳಿಗೆ ಧೈರ್ಯ ಸಾಲಲಿಲ್ಲ.

"ನೀನು ತಗೊಂಡಿಲ್ಲ ಅಂತ ನನಗೆ ಗೊತ್ತು," ಎಂದ ಸೋಮಶೇಖರ್. ಹೇಳುವಾಗ ಗೋಡೆ ನೋಡುತ್ತಿದ್ದ.

"ನಿಮಗೆ ಗೊತ್ತಿದ್ರೆ ಸಾಲದು," ಎಂದಳು ಮಧುಶ್ರೀ. "ಕಳಲೆಯಿಂದ ಚಿಕ್ಕಮ್ಮನ್ನ ಕರೆಸಿ. ಯಾರು ಅಂತ ಗೊತ್ತಾಗಬೇಕು. ಗೊತ್ತಾಗದೇ ಇದ್ರೆ, ಕಳ್ಳಿ ಅನ್ನಿಸಿಕೊಂಡು ಈ ಮನೇಲಿ ನಾನಿರಲ್ಲ."

ಎಲ್ಲಿಗೆ ಹೋಗುತ್ತೇನೆ ಎಂದು ಅವಳು ಹೇಳಲಿಲ್ಲ. ತವರಿಗೆ ಎನ್ನಲು ಬಾಯಿ ಬರಲಿಲ್ಲ.

*

ವಿಶಾಲಮ್ಮ ಚನ್ನಬಸಮ್ಮನವರ ಬೆನ್ನಿಗೆ ಬಿದ್ದ ತಂಗಿ. ಪೊಲೀಸ್ ಇಲಾಖೆಯಲ್ಲಿ ಎ.ಎಸ್.ಐ. ಆಗಿ ನಿವೃತ್ತರಾದವರು. ಬಸ್ಸಿಳಿದು ಬಂದವರೇ ಚಪ್ಪಲಿ ಬಿಡುತ್ತಾ ಕೇಳಿದರು: "ಕಾಫಿ ಮೊದಲೋ, ಕೇಸ್ ಮೊದಲೋ?"

"ನಿಧಾನಕ್ಕೆ ಮಾತಾಡಿ ಚಿಕ್ಕಮ್ಮ. ಅಮ್ಮನಿಗೆ ಕೇಳಿಸ್ತದೆ," ಎಂದ ಸೋಮಶೇಖರ್.

"ಕಳುವಾಗಿರೋದು ಅವಳ ಸಾಮಾನು. ಅವಳಿಗೇ ಕೇಳಿಸಬಾರದಾ? ಚೆನ್ನಾಗಿದೆ ಕಣಯ್ಯ ನಿಮ್ಮ ನ್ಯಾಯ."

ಮಧುಶ್ರೀ ಕಾಫಿ ಲೋಟ ಕೊಟ್ಟಾಗ ವಿಶಾಲಮ್ಮ ಲೋಟದ ಜೊತೆ ಅವಳ ಬೆರಳನ್ನೂ ಹಿಡಿದುಕೊಂಡರು. "ಕೈ ಐಸಾಗಿದೆ. ಬೆವರ್ತಿದೆ."

"ಭಯ, ಚಿಕ್ಕಮ್ಮ."

"ಗೊತ್ತು. ನಾನೂ ಹೊಸದಾಗಿ ಸೇರಿದಾಗ ಬೆವರಿದೋರೆಲ್ಲ ಕಳ್ಳರು ಅಂದ್ಕೊಂಡಿದ್ದೆ. ಭಯ ಆಯ್ತು ಅಂತ ಮೈ ಹೇಳ್ತದೆ. ಯಾರಿಗೋಸ್ಕರ ಭಯ ಅಂತ ಹೇಳಲ್ಲ. ನಿನ್ನದು ನಿನಗೋಸ್ಕರ ಅಲ್ಲ, ಅಲ್ವಾ?"

ಮಧುಶ್ರೀ ತಲೆ ತಗ್ಗಿಸಿದಳು.

ವಿಚಾರಣೆ ಅಡುಗೆಮನೆಯಲ್ಲೇ ನಡೆಯಿತು. ಮೊದಲು ಅರ್ಪಿತ.

"ಹೋಗಿರೋದೆಲ್ಲ ಯಾರ ವಸ್ತು?"

"ಮನೇದು, ಚಿಕ್ಕಮ್ಮ."

"ಮನೇದು ಅನ್ನಬೇಡ. ಸರಿಯಾಗಿ ಯೋಚನೆ ಮಾಡಿ ಹೇಳು."

ಅರ್ಪಿತ ಕಣ್ಣು ಕಿರಿದು ಮಾಡಿದಳು. "ಚೊಂಬು ಅಮ್ಮನ ತವರಿಂದ ಬಂದಿದ್ದು. ಬಟ್ಟಲು ಅಮ್ಮ ಮಾಡಿಸಿದ್ದು. ಕಣ, ಭರಣಿ... ಎಲ್ಲಾ ಅಮ್ಮಂದೇ."

"ಅತ್ತಿಗೇದು ಒಂದೂ ಹೋಗಿಲ್ಲ, ಅಣ್ಣಂದು ಒಂದೂ ಹೋಗಿಲ್ಲ. ಒಳ್ಳೇ ಮರ್ಯಾದಸ್ಥ ಕಳ್ಳ. ಸರಿ, ಭರಣಿ ಎಲ್ಲಿ ಅಂತ ಅಕ್ಕ ಕೇಳಿದ್ರೆ ಏನು ಹೇಳೋದು ಅಂತಿದ್ರಿ?"

"ಪಾಲಿಶ್‌ಗೆ ಕೊಟ್ಟಿದ್ದೀವಿ ಅನ್ನೋಣ ಅಂತ ಮಾತಾಡಿಕೊಂಡಿದ್ವಿ."

"ಕೇಳಿದಳಾ?"

"ಇಲ್ಲ."

"ಚೊಂಬು? ಬಟ್ಟಲು?"

"ಇಲ್ಲ... ಅಮ್ಮ ಯಾವುದನ್ನೂ ಕೇಳಲಿಲ್ಲ. ಪಾಪ, ಮರೆವು ಇರಬೇಕು."

ವಿಶಾಲಮ್ಮ 'ಹೂಂ' ಎಂದರು, ಅಷ್ಟೆ.

ಆಮೇಲೆ ರೋಜಾ. ಬೆಳಗಿನಿಂದ ಮಧ್ಯಾಹ್ನದವರೆಗೆ ಮನೆಕೆಲಸ ಮಾಡಿ, ಅಮ್ಮೋರನ್ನು ನೋಡಿಕೊಳ್ಳುತ್ತಿದ್ದ ಹುಡುಗಿ. ಮದುವೆಯಾಗಿ ಹೆಚ್ಚು ದಿನವಾಗಿರಲಿಲ್ಲ. ಬಂದವಳೇ ತನ್ನ ಚೀಲ ತಂದು ವಿಶಾಲಮ್ಮನ ಕಾಲ ಬಳಿ ಇಟ್ಟಳು.

"ನೋಡ್ಕಳಿ ಮೇಡಮ್ಮಾರೆ. ಬಡವ್ರ ಚೀಲ ತಾನೆ ಮೊದ್ಲು ನೋಡೋದು."

"ತೆಗಿ ಅತ್ಲಾಗೆ. ಚೀಲ ನೋಡಕ್ಕೆ ಬಂದಿಲ್ಲ. ಅಕ್ಕಿ ಡಬ್ಬ ನೋಡಿದೆ. ತಳ ಕಾಣ್ತಿದೆ. ಮೂರು ಜನದ ಮನೇಲಿ ಇಷ್ಟು ಅಕ್ಕಿ ಯಾರು ತಿಂದ್ರು?"

ರೋಜಾಳ ಕೈ ತಾನಾಗಿ ಸೆರಗಿನ ಕಡೆ ಹೋಯಿತು. "ಅದ ಅಮ್ಮೋರ್ನೇ ಕೇಳಿ."

"ಅವಳನ್ನ ಏನೂ ಕೇಳಬಾರದು ಅಂತ ಈ ಮನೆ ಆರ್ಡರು."

"ಅಂಗಾದ್ರೆ ಯಾರ್ನೂ ಕೇಳ್ಬ್ಯಾಡಿ," ಎಂದಳು ರೋಜಾ. ಹೊಸ್ತಿಲ ಬಳಿ ನಿಂತು ಮಧುಶ್ರೀಯನ್ನು ನೋಡಿದಳು. ಆ ನೋಟದಲ್ಲಿ ಏನೋ ಹೇಳುವುದಿತ್ತು, ಹೇಳದೆ ಹೋದಳು.

ವಿಶಾಲಮ್ಮ ಹಿತ್ತಿಲ ಜಗಲಿಗೆ ಹೋಗಿ ಅಕ್ಕನ ಪಕ್ಕ ಕೂತರು. ಮಧುಶ್ರೀ ಬಾಗಿಲಲ್ಲಿ ನಿಂತಳು. ಚನ್ನಬಸಮ್ಮ ಬಾಳೆನಾರು ಹಿಡಿದು ಮಲ್ಲಿಗೆ ಕಟ್ಟುತ್ತಿದ್ದರು. ಎರಡು ಹೂ, ಒಂದು ಸುತ್ತು, ಒಂದು ಗಂಟು. ದಂಡೆ ಒತ್ತಾಗಿ, ನೇರವಾಗಿ ಬೆಳೆಯುತ್ತಿತ್ತು.

"ಅಕ್ಕ, ಹೋದ ದೀಪಾವಳೀಲಿ ಕುಪ್ಪಸದ ಗುಂಡಿ ಹಾಕ್ಕೊಳ್ಳೋಕೂ ನಿನ್ನ ಕೈಲಿ ಆಗ್ತಿರಲಿಲ್ಲ."

"ಊಂ ಕಣೆ. ಡಾಕ್ಟ್ರಮ್ಮ ಇನ್ನೊಂದು ಮಾತ್ರೆ ಸೇರಿಸಿದ್ರು. ಆಮೇಲೆ ಕೈ ನನ್ನ ಮಾತು ಕೇಳ್ತದೆ." ಚನ್ನಬಸಮ್ಮ ಕಣ್ಣರಳಿಸಿದರು. "ಕೈ ಒಂದೇ ಅಲ್ಲ ಕಣೆ ವಿಶಾಲಿ. ಬೆಳಗಾದ್ರೆ ಸಾಕು, ಏನೋ ಉಲ್ಲಾಸ. ಏನಾರ ಮಾಡೋಣ, ಯಾರಾರ ಬರಲಿ ಅನ್ಸುತ್ತೆ. ಈ ವಯಸ್ನಲ್ಲಿ ನಗೆಪಾಟಲು!"

"ಯಾರು ಬರ್ತಾರೆ?"

"ಯಾರೋ ಬತ್ತಾರೆ, ಓಯ್ತಾರೆ," ಎಂದು ಚನ್ನಬಸಮ್ಮ ಮಾತು ತೇಲಿಸಿದರು. ಕಟ್ಟಿದ ದಂಡೆಯಲ್ಲಿ ಅರ್ಧ ಹರಿದು ತಂಗಿಯ ಮಡಿಲಿಗೆ ಹಾಕಿದರು. ತಕ್ಷಣ ಉಳಿದರ್ಧವನ್ನೂ ಹಾಕಿದರು. ಹಾಕಿ, ಇನ್ನೇನಾದರೂ ಇದೆಯೇ ಎಂಬಂತೆ ಸುತ್ತ ನೋಡಿದರು.

ವಿಶಾಲಮ್ಮ ಎದ್ದು ಒಳಗೆ ಬಂದು ಸೋಮಶೇಖರನನ್ನು ಹಿಡಿದರು. "ಆ ಹೊಸ ಮಾತ್ರೆ ಬರೆಯೋವಾಗ ಡಾಕ್ಟ್ರು ಏನಾದ್ರೂ ಕೇಳಿದ್ರಾ?"

"ಏನೇನೋ ಕೇಳಿದ್ರು." ಸೋಮಶೇಖರ್ ನಕ್ಕ. "ಅಮ್ಮ ಜೂಜಾಡ್ತಾರಾ, ಕಂಡದ್ದೆಲ್ಲ ಕೊಳ್ತಾರಾ, ಸಿಕ್ಕಾಪಟ್ಟೆ ತಿಂತಾರಾ, ಹಾಗೇನಾದ್ರೂ ಶುರುವಾದ್ರೆ ತಕ್ಷಣ ಹೇಳಿ ಅಂದ್ರು. ನಮ್ಮಮ್ಮನ್ನ ನೀವು ನೋಡಿಲ್ಲ ಮೇಡಂ, ಇಸ್ಪೀಟು ಎಲೆ ಯಾವ ಬಣ್ಣ ಅಂತಾನೂ ಗೊತ್ತಿಲ್ಲ ಅಂದೆ. ಅವರೂ ನಕ್ಕರು."

"ನೀನು ನಗಬಾರದಿತ್ತು," ಎಂದರು ವಿಶಾಲಮ್ಮ. "ಮಧು, ಹೊರಡು. ನಿಮ್ಮಮ್ಮನ ಮನೆಗೆ."

*

ಸುತ್ತೂರು ದಾಟುವವರೆಗೆ ಬಸ್ಸಿನಲ್ಲಿ ಇಬ್ಬರೂ ಮಾತಾಡಲಿಲ್ಲ. ಕಿಟಕಿಯಾಚೆ ಭತ್ತದ ಗದ್ದೆಗಳು ಹಿಂದಕ್ಕೆ ಓಡುತ್ತಿದ್ದವು. ಮಧುಶ್ರೀಗೆ ತವರಿನ ದಾರಿ ಯಾವತ್ತೂ ಇಷ್ಟು ಬೇಗ ಮುಗಿದಿರಲಿಲ್ಲ.

ಮಾದೇವಮ್ಮ ಬಾಗಿಲಲ್ಲೇ ಬಣ್ಣಗೆಟ್ಟರು. ಒಳಕೋಣೆಯಿಂದ ಅವರ ತುಂಬು ಬಸುರಿ ಸೊಸೆ ಇಣುಕಿ ನೋಡಿದಳು. "ನೀನು ಮಲಕ್ಕೋ ಹೋಗವ್ವ," ಎಂದು ಅವಳನ್ನು ಕಳಿಸಿ, ಕದ ಎಳೆದುಕೊಂಡರು.

ಭರಣಿ ದೇವರ ಮುಂದೆ ಒಂದು ತಟ್ಟೆಯಲ್ಲಿತ್ತು. ಕೊಕ್ಕಿಲ್ಲದ ನವಿಲು ಮಧುಶ್ರೀಯನ್ನೇ ನೋಡುತ್ತಿರುವಂತಿತ್ತು. ವಿಶಾಲಮ್ಮ ಭರಣಿಯನ್ನು ಮುಟ್ಟಲಿಲ್ಲ. ಬಾಗಿ ತಟ್ಟೆಯನ್ನು ನೋಡಿದರು. ಭರಣಿಯ ಕೆಳಗೆ ಅಕ್ಕಿ. ಅಕ್ಕಿಯ ನಡುವೆ ಅರಿಸಿನದ ಕೊಂಬು, ಒಣಗಿದ ವೀಳ್ಯದೆಲೆ, ಇರುವೆ ಮುತ್ತಿದ ಬೆಲ್ಲದ ಅಚ್ಚು.

"ಅಮ್ಮಾ," ಎಂದಳು ಮಧುಶ್ರೀ. "ಕೇಳದೆ ತಂದಿದ್ರೂ ಪರವಾಗಿಲ್ಲ. ನನಗೆ ನಿಜ ಹೇಳು. ನಾನು ತಂದೆ ಅಂತ ಒಪ್ಕೋತೀನಿ."

ಮಾದೇವಮ್ಮ ಮಗಳನ್ನು ದಿಟ್ಟಿಸಿದರು. "ನೀನೂ ನನ್ನ ಹಂಗೆ ಅಂದ್ಕೊಂಡ್ಯಾ?"

ತಾಯಿ ಮಗಳು ಎದುರುಬದುರು ನಿಂತು, ಒಬ್ಬರ ಮುಖ ಒಬ್ಬರು ನೋಡಲಾರದೆ ನೆಲ ನೋಡಿದರು.

ವಿಶಾಲಮ್ಮ ನಡುವೆ ಬಂದು ಮಣೆ ಎಳೆದುಕೊಂಡು ಕೂತರು. "ಬೀಗ್ತಿಯೋರೇ, ನೀವು ಯಾರಿಗೋ ಮಾತು ಕೊಟ್ಟಿದ್ದೀರ. ಮುರೀಬೇಡಿ. ನಾನೇ ಹೇಳ್ತೀನಿ. ತಪ್ಪಾದ್ರೆ ಮಾತ್ರ ತಲೆ ಅಲ್ಲಾಡಿಸಿ."

ಮಾದೇವಮ್ಮ ಗೋಡೆಗೆ ಒರಗಿ ನಿಂತರು.

"ನೀವು ಮನೆಗೆ ಹೋದಾಗ ಮಧು ಇರಲಿಲ್ಲ. ನಮ್ಮಕ್ಕ ನಿಮ್ಮನ್ನ ಹಿತ್ತಿಲ ಜಗಲೀಲಿ ಕೂರಿಸಿದಳು. ಸೆರಗು ಒಡ್ಡಿ ಅಂದಳು. ಮಡಿಲು ತುಂಬಿದಳು."

ತಲೆ ಅಲ್ಲಾಡಲಿಲ್ಲ.

"ತುಂಬಿದ ಮಡಿಲನ್ನ ದಾರೀಲಿ ಬಿಚ್ಚೋ ಹಾಗಿಲ್ಲ. ಮನೇಗೆ ಬಂದು ದೇವರ ಮುಂದೆ ಬಿಚ್ಚಿದ್ರಿ. ಅಕ್ಕಿ ಒಳಗಿಂದ ಭರಣಿ ಉರುಳಿ ಬಂತು."

ಮಾದೇವಮ್ಮನ ಕಣ್ಣು ತುಂಬಿಕೊಂಡವು.

"ಯಾರಿಗೂ ಹೇಳಬೇಡಿ ಅಂದಳು. ಗಂಡ ಸತ್ತೋಳು ಮಡಿಲು ತುಂಬಿದಳು ಅಂದ್ರೆ ಜನ ಆಡ್ಕೋತಾರೆ, ಅವಳನ್ನೂ, ಮನೇಲಿ ಬಸುರಿ ಇಟ್ಕೊಂಡು ತುಂಬಿಸಿಕೊಂಡ ನಿಮ್ಮನ್ನೂ. ಅರ್ಪಿತ ಕೇಳಿದಾಗ ಬಾಯಿಗೆ ಬಂದ ಸುಳ್ಳು ಹೇಳಿದ್ರಿ."

ಮಾದೇವಮ್ಮ ಅಲ್ಲೇ ಕುಸಿದು ಕೂತರು. "ನಾನೇನೂ ಹೇಳ್ಲಿಲ್ಲ, ಶಿವ ನೋಡ್ತಾ ಅವ್ನೆ," ಎಂದರು. "ಬೀಗ್ತಿ ಮುಖ ನೀವು ನೋಡ್ಬೇಕಿತ್ತು. ಮದುವಣಗಿತ್ತಿ ಹಂಗೆ ಹೊಳೀತಿತ್ತು. ಬ್ಯಾಡ ಅನ್ನೋದು ಹೆಂಗೆ? ಆ ಅಕ್ಕಿ ಬೇಯಿಸಕ್ಕೂ ಮನಸು ಬರ್ಲಿಲ್ಲ."

ಮಧುಶ್ರೀ ಅಮ್ಮನ ಪಕ್ಕ ಕೂತು ಅವರ ಭುಜಕ್ಕೆ ತಲೆಯಿಟ್ಟಳು. ಮಾದೇವಮ್ಮ ಮೊದಲು ಅವಳನ್ನು ಪಕ್ಕಕ್ಕೆ ತಳ್ಳಿದರು. ಆಮೇಲೆ ಎಳೆದುಕೊಂಡರು. "ನಿನ್ನ ಮೇಲೆ ಬರ್ತದೆ ಅಂತ ಹೊಳೀಲೇ ಇಲ್ಲ ಕಣೆ, ಮುಂಡೇದೆ," ಎಂದರು.

ಹಿಂದಿರುಗುವ ಬಸ್ಸಿನಲ್ಲಿ ವಿಶಾಲಮ್ಮ ಮೈಸೂರಿನ ನರರೋಗ ವೈದ್ಯೆ ಡಾಕ್ಟರ್ ಮೇಘನಾಗೆ ಫೋನ್ ಮಾಡಿದರು. ಅವರು ಕೇಳಿದ್ದಕ್ಕಿಂತ ಆ ಕಡೆಯವರು ಹೇಳಿದ್ದೇ ಹೆಚ್ಚು. ನಂಜನಗೂಡು ಬಂದರೂ ಫೋನು ಕಿವಿಯಲ್ಲೇ ಇತ್ತು.

*

ಮಾರನೆಯ ಬೆಳಿಗ್ಗೆ ವಿಶಾಲಮ್ಮ ಎಲ್ಲರನ್ನೂ ನಡುಮನೆಯಲ್ಲಿ ಕೂರಿಸಿದರು. ಸೋಮಶೇಖರ್, ಅರ್ಪಿತ, ಮಧುಶ್ರೀ, ಬಾಗಿಲಿಗೊರಗಿ ರೋಜಾ. ನಡುವೆ, ಕುರ್ಚಿಯಲ್ಲಿ, ಚನ್ನಬಸಮ್ಮ.

"ಚಿಕ್ಕಮ್ಮ, ಅಮ್ಮ ಬೇಡ—" ಎಂದು ಅರ್ಪಿತ ಎದ್ದಳು.

"ಕೂತ್ಕೊ. ಈ ಕೇಸು ಕೆಟ್ಟಿದ್ದೇ ಅಮ್ಮ ಬೇಡ ಅಂದಿದ್ದಕ್ಕೆ." ವಿಶಾಲಮ್ಮ ಅಕ್ಕನ ಕಡೆ ತಿರುಗಿದರು. "ಅಕ್ಕ, ಭರಣಿ ಕಳುವಾಗಿದೆ ಅಂತ ಮನೆಯೋರು ನಿನ್ನ ಸೊಸೆ ಮೇಲೆ ಅನುಮಾನ ಪಟ್ಟಿದ್ದಾರೆ. ತವರಿಗೆ ಸಾಗಿಸಿದಳು ಅಂತ."

ಚನ್ನಬಸಮ್ಮನ ಮುಖದ ನೆತ್ತರೆಲ್ಲ ಇಳಿಯಿತು. ಅವರು ಮೊದಲು ಮಗನನ್ನು, ಆಮೇಲೆ ಮಗಳನ್ನು ನೋಡಿದರು.

"ನನ್ನ ಒಂದು ಮಾತು ಕೇಳಬಾರದಿತ್ತಾ?"

"ಅಮ್ಮ, ನಿನಗೆ ಹುಷಾರಿಲ್ಲ ಅಂತ..."

"ಕಾಯಿಲೆಯೋಳು ಅಂದ್ರೆ ಸತ್ತೋಳೇನೋ?" ಎಂದರು ಚನ್ನಬಸಮ್ಮ. "ಭರಣಿ ಕೊಟ್ಟೋಳು ನಾನು. ಚೊಂಬು, ಬಟ್ಟಲು, ಕಣ, ಎಲ್ಲಾ ನಾನೇ ಕೊಟ್ಟೆ. ಬಂದ ಹೆಣ್ಣುಮಕ್ಕಳಿಗೆ ಮಡಿಲು ತುಂಬಿದೆ. ಸೊಪ್ಪು ಮಾರೋಳಿಗೆ, ಪಕ್ಕದ್ಮನೆ ಬಾಣಂತಿಗೆ. ಈ ರೋಜಾಗೆ."

ಎಲ್ಲರೂ ರೋಜಾಳ ಕಡೆ ತಿರುಗಿದರು. ರೋಜಾ ಅಳುತ್ತಿದ್ದಳು. "ಬಟ್ಲು ನಮ್ಮನೇಲೈತೆ. ಏಳಾನ ಅಂತಿದ್ದೆ ಅಕ್ಕಾರೆ," ಎಂದಳು ಮಧುಶ್ರೀಗೆ. "ಬೆಳ್ಳಿ ಬಟ್ಲು ಅಮ್ಮೋರೇ ಕೊಟ್ರು ಅಂದ್ರೆ ನಂಬೋರು ಯಾರು? ನಮ್ಮವ್ವನೂ ನಂಬ್ಲಿಲ್ಲ."

ಮಧುಶ್ರೀ ಅವಳ ಕೈ ಹಿಡಿದು ತನ್ನ ಪಕ್ಕ ಕೂರಿಸಿಕೊಂಡಳು.

"ನಿಮಗೆ ಯಾಕೆ ಹೊಳೀಲಿಲ್ಲ ಹೇಳ್ತೀನಿ," ಎಂದರು ವಿಶಾಲಮ್ಮ. "ದಿನಾ ಆ ಗೂಡಿನ ಮುಂದೆ ಕೂತು ಲಿಂಗಪೂಜೆ ಮಾಡೋ ಹೆಂಗಸು, ಭರಣಿ ಎಲ್ಲಿ ಅಂತ ಒಂದು ಸಲ ಕೇಳಲ್ಲ. ಮರೆವು ಅಂದ್ರಿ. ಮರೆವಿರೋರು ಹತ್ತು ಸಲ ಕೇಳ್ತಾರೆ ಕಣ್ರೀ. ಕೇಳದೇ ಇರೋರಿಗೆ ಎಲ್ಲಿದೆ ಅಂತ ಗೊತ್ತಿರ್ತದೆ. ಅಲ್ಲಿಗೆ ನನಗೆ ಅನುಮಾನ ಬಂತು. ಅಕ್ಕಿ, ಬೆಲ್ಲ, ಕಣ — ಈ ಮೂರೂ ಒಟ್ಟಿಗೆ ಮನೆಯಿಂದ ಯಾವಾಗ ಹೊರಗೆ ಹೋಗ್ತವೆ? ಯಾವ ಹೆಂಗಸನ್ನ ಕೇಳಿದ್ರೂ ಹೇಳ್ತಾಳೆ. ಆದರೆ ಈ ಮನೇಲಿ ಮಡಿ ಮೈಲಿಗೆ ನಿಮ್ಮ ಕಣ್ಣು ಕಟ್ಟಿತ್ತು. ವಿಧವೆ ಮಡಿಲು ತುಂಬಲ್ಲ. ಮುಗೀತು. ಇನ್ನು ಗಂಟು ಕಟ್ಟೋಕೆ ಅವಳ ಕೈ ಆಗಲ್ಲ ಅಂತಲೂ ಅಂದ್ಕೊಂಡಿದ್ರಿ. ಅವಳು ಕಟ್ಟಿದ ಮಲ್ಲಿಗೆ ದಂಡೆ ದಿನಾ ಮುಡ್ಕೊಳ್ತಿದ್ರೂ ಅದರ ಗಂಟು ಯಾರೂ ನೋಡಲಿಲ್ಲ."

"ಅಂದ್ರೆ ಕಳ್ಳರೇ ಇಲ್ಲ," ಎಂದ ಸೋಮಶೇಖರ್.

"ಇದ್ದಾನೆ." ವಿಶಾಲಮ್ಮ ಮಾತ್ರೆಯ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. "ಇವನೇ."

"ಮಾತ್ರೆನಾ?"

"ಡಾಕ್ಟ್ರು ಇಂಗ್ಲಿಷಲ್ಲಿ ಹೇಳಿದ್ರು. ನಾನು ಅಡುಗೆಮನೆ ಭಾಷೇಲಿ ಹೇಳ್ತೀನಿ. ತಪ್ಪಿದ್ರೆ ಮಧು ತಿದ್ದಲಿ, ಲ್ಯಾಬಿನೋಳು." ವಿಶಾಲಮ್ಮ ಕಾಲು ಮಡಚಿ ಕೂತರು. "ನಾವು ತಿನ್ನೋ ಕಾಳು, ಹಾಲಿನಲ್ಲಿ ಟೈರೋಸಿನ್ ಅಂತ ಒಂದಿದೆ. ಅದು ಹಾಲು ಅನ್ನಿ. ಮೈ ಅದನ್ನ ಡೋಪಾ ಮಾಡ್ತದೆ, ಅದು ಮೊಸರು. ಮೊಸರು ಕಡೆದ್ರೆ ಡೋಪಮೈನ್, ಬೆಣ್ಣೆ. ಕೆಲವು ಕಡೆ ಬೆಣ್ಣೆಗೇ ನಿಲ್ಲಿಸ್ತದೆ. ಕೆಲವು ಕಡೆ ಕಾಯಿಸಿ ತುಪ್ಪ ಮಾಡ್ತದೆ. ನಾರಡ್ರೆನಲಿನ್, ಅಡ್ರೆನಲಿನ್ ಅಂತ. ನಿನ್ನೆ ಮಧು ಅಂಗೈ ಬೆವರಿಸಿದ್ದು ಆ ತುಪ್ಪ. ಬೆಣ್ಣೆ ಕೆಲಸ ಬೇರೆ. ಕೈಕಾಲು ಹದವಾಗಿ ಆಡಿಸೋದು ಒಂದು. ಮನಸ್ಸಿಗೆ 'ಬೇಕು' ಅನ್ನಿಸೋದು ಇನ್ನೊಂದು."

"ಅಕ್ಕನ ಮಿದುಳಲ್ಲಿ ಬೆಣ್ಣೆ ಕಡೆಯೋರು ಕಮ್ಮಿಯಾಗಿದ್ದಾರೆ," ಎಂದು ಅವರು ಮುಂದುವರಿಸಿದರು. "ಅದೇ ಈ ಕಾಯಿಲೆ. ಮೊದಲಿಂದ ತಗೊಳ್ತಿರೋ ಮಾತ್ರೆ ಮೊಸರು ಒದಗಿಸ್ತದೆ. ಉಳಿದಿರೋರು ಕಡೀತಾರೆ. ಕಡೆಯೋಳಿಗೆ ಒಂದು ಅಂದಾಜಿರ್ತದೆ. ಸಾಕು ಅನ್ನಿಸಿದ್ರೆ ಕೈ ನಿಲ್ಲಿಸ್ತಾಳೆ. ಉಳಿದದ್ದು ಒಳಗೆ ಎತ್ತಿಡ್ತಾಳೆ, ಚೆಲ್ಲಿದ್ದು ಒರೆಸಿ ಹಾಕ್ತಾಳೆ. ಈ ಹೊಸ ಮಾತ್ರೆ ಬೆಣ್ಣೆ ಅಲ್ಲ. ಬೆಣ್ಣೆ ವೇಷ ಹಾಕಿರೋನು. ಕಡೆಯೋರ ಹಂಗೇ ಇವನಿಗಿಲ್ಲ, ಯಾರೂ ಸಾಕು ಅನ್ನೋ ಹಾಗಿಲ್ಲ. ಕೈಯ ಬಾಗಿಲು ತಟ್ಟಿದ, ಕೈ ಹದಕ್ಕೆ ಬಂತು. ಜೊತೆಗೆ 'ಬೇಕು' ಅನ್ನೋ ಬಾಗಿಲನ್ನೂ ದಿನವಿಡೀ ಬಡಿದ. ಎಲ್ಲರಿಗೂ ಹೀಗಾಗಲ್ಲವಂತೆ. ಆದೋರಲ್ಲಿ ಕೆಲವರಿಗೆ ಜೂಜು ಬೇಕು, ಕೆಲವರಿಗೆ ಅಂಗಡಿ ಬೇಕು, ಕೆಲವರಿಗೆ ತಿಂಡಿ. ಅಪರೂಪಕ್ಕೆ ಕೆಲವರಿಗೆ, ಕೊಡಬೇಕು. ತಡೆಯೋಕೇ ಆಗದಷ್ಟು."

"ಡಾಕ್ಟ್ರು ಕೇಳಿದ್ರಲ್ಲ..." ಸೋಮಶೇಖರ್ ಹಣೆ ಒತ್ತಿಕೊಂಡ.

"ಅವರು ಕೆಟ್ಟ ಚಟ ಕೇಳಿದ್ರು, ನೀನು ಇಲ್ಲ ಅಂದೆ. ಕೊಡೋದೂ ಒಂದು ಚಟ ಆಗಬಹುದು ಅಂತ ಯಾರಿಗೆ ಹೊಳೀತದೆ?"

ಚನ್ನಬಸಮ್ಮ ಮಾತ್ರೆಯ ಪಟ್ಟಿಯನ್ನೇ ನೋಡುತ್ತಿದ್ದರು. "ಬೆಳಿಗ್ಗೆ ಎದ್ದ ತಕ್ಷಣ, ಇವತ್ತು ಯಾರಿಗೆ ಅಂತ ಎದೆ ತುಡೀತಿತ್ತು," ಎಂದರು ಮೆಲ್ಲಗೆ. "ಕೊಡದಿದ್ರೆ ಉಸಿರು ಕಟ್ಟೋದು. ಹೇಳಕ್ಕೆ ನಾಚಿಕೆ." ಆಮೇಲೆ ತಂಗಿಯ ಕಡೆ ನೋಡಿದರು. "ಹಂಗಾದ್ರೆ ಅದೆಲ್ಲ ಮಾತ್ರೆದಾ ವಿಶಾಲಿ? ನಂದು ಏನೂ ಇಲ್ವಾ?"

ವಿಶಾಲಮ್ಮ ಅಕ್ಕನ ಕುರ್ಚಿಯ ಹತ್ತಿರಕ್ಕೆ ಸರಿದರು. ಎಷ್ಟೋ ಜನರನ್ನು ಪ್ರಶ್ನಿಸಿದ್ದ ಅವರಿಗೆ ಈ ಪ್ರಶ್ನೆಗೆ ಉತ್ತರ ಸಿದ್ಧವಿರಲಿಲ್ಲ ಎಂದು ಮಧುಶ್ರೀಗೆ ಅನ್ನಿಸಿತು.

"ಮಾತ್ರೆ ಬಾಗಿಲು ಬಡೀತು ಅಕ್ಕ. ಒಳಗಿಂದ ಏನು ಬಂತು ಅನ್ನೋದನ್ನ ಮಾತ್ರೆ ಹೇಳಲ್ಲ. ನಿನಗೆ ಇಸ್ಪೀಟು ಬೇಕು ಅನ್ನಿಸಲಿಲ್ಲವಲ್ಲ. ಮಡಿಲು ತುಂಬಬೇಕು ಅನ್ನಿಸಿತು. ಅದನ್ನ ಅಷ್ಟು ವರ್ಷ ಒಳಗೇ ಕೂಡಿ ಹಾಕಿದ್ಯಾರು? ಇವರ ಅಪ್ಪ ತೀರಿಕೊಂಡ ವರ್ಷವೇ ಅರ್ಪಿತನ ಸೀಮಂತ ಆಯ್ತು. ಹಡೆದ ತಾಯಿ ಎಲ್ಲಿದ್ದಳು?"

ಅರ್ಪಿತ ಬಾಯಿಗೆ ಸೆರಗು ಒತ್ತಿಕೊಂಡಳು. "ಅಡುಗೆಮನೇಲಿ," ಎಂದಳು. "ಪಾಯಸ ತಿರುವ್ತಾ ಇದ್ದರು. ಬಾ ಅಂತ ನಾನು ಕರೀಲಿಲ್ಲ."

"ಕೊರಳಲ್ಲಿ ಲಿಂಗ ಇರೋಳಿಗೆ ಯಾವ ಮೈಲಿಗೆ ಅಂತ ಬಾಯಲ್ಲಿ ಹೇಳೋ ಜನ ನಾವು. ನಾನೂ ಅವತ್ತು ಅಲ್ಲೇ ಇದ್ದೆ. ನಾನೂ ಕರೀಲಿಲ್ಲ." ವಿಶಾಲಮ್ಮ ಮಾತ್ರೆಯ ಪಟ್ಟಿಯನ್ನು ಅದರ ಡಬ್ಬಿಗೆ ಹಾಕಿದರು. "ಹಾಗಾಗಿ ಇವನೊಬ್ಬನನ್ನೇ ಹಿಡಿದರೆ ಕೇಸು ಮುಗಿಯಲ್ಲ."

ಅರ್ಪಿತ ಎದ್ದು ಮಧುಶ್ರೀಯ ಎದುರು ನಿಂತಳು. "ಅತ್ತಿಗೆ, ಎರಡು ಬಾರಿಸಿಬಿಡಿ ನನಗೆ," ಎಂದಳು.

"ಬಾಕಿ ಇರಲಿ," ಎಂದಳು ಮಧುಶ್ರೀ. "ನಮ್ಮಮ್ಮನ ಹತ್ರ ಹೋಗಿ ಮೊದಲು ಅವರ ಹತ್ರ ತಿನ್ನು. ನಾನೂ ಬರ್ತೀನಿ. ನನಗೂ ಬೀಳೋದಿದೆ."

*

ಮಾತ್ರೆಯನ್ನು ಒಮ್ಮೆಲೇ ನಿಲ್ಲಿಸಬಾರದು, ಹಾಗೆ ಮಾಡಿದರೆ ಮೈಮನಸ್ಸು ಎರಡೂ ಕಂಗೆಡುತ್ತವೆ ಎಂದು ಡಾಕ್ಟರ್ ಮೇಘನಾ ಗಟ್ಟಿಯಾಗಿ ಹೇಳಿದ್ದರು. ಸ್ವಲ್ಪ ಸ್ವಲ್ಪವಾಗಿ ಕಡಿಮೆ ಮಾಡಿ ನಿಲ್ಲಿಸಿ, ಹಳೆಯ ಮಾತ್ರೆಯ ಹೊತ್ತುಗಳನ್ನು ಹೊಂದಿಸಿದರು. ಆ ವಾರಗಳು ಸುಲಭವಾಗಿರಲಿಲ್ಲ. ಚನ್ನಬಸಮ್ಮ ಸಿಡುಕಿದರು, ಕಾರಣವಿಲ್ಲದೆ ಅತ್ತರು, ಹಿತ್ತಿಲಿಗೆ ಹೋಗಿ ಬರಿಗೈ ನೋಡಿಕೊಂಡು ಕೂತರು. ಕೊಟ್ಟದ್ದನ್ನು ಹಿಂದಿರುಗಿಸಲು ಬಂದವರಿಗೆಲ್ಲ, "ಕೊಟ್ಟಿದ್ದು ಕೊಟ್ಟಾಯ್ತು, ಹೋಗ್ರವ್ವ," ಎಂದು ಗದರಿದರು. ಕೈ ನಡುಕ ಒಂದಿಷ್ಟು ಮರಳಿ ಬಂತು.

ಮಧುಶ್ರೀ ಕಾಯುತ್ತಿದ್ದಳು. ಏನನ್ನು ಎಂದು ಅವಳಿಗೇ ಸ್ಪಷ್ಟವಿರಲಿಲ್ಲ. ಅತ್ತೆಯ ಮುಖದಲ್ಲಿ ಅವಳು ಒಮ್ಮೆಯೂ ನೋಡದೆ ಹೋದ, ಅವಳಮ್ಮ ನೋಡಿದ್ದ ಆ ಹೊಳಪು ಮಾತ್ರೆಯ ಜೊತೆಗೇ ಹೋಗಿಬಿಟ್ಟಿತೇ?

ಶ್ರಾವಣದ ಒಂದು ಸೋಮವಾರ ಅವಳು ಕೆಲಸಕ್ಕೆ ಹೊರಟು ನಿಂತಿದ್ದಳು. ಚನ್ನಬಸಮ್ಮ ಬೀದಿ ಬಾಗಿಲನ್ನು ಅಗಲವಾಗಿ ತೆಗೆಸಿ, ನಡುಮನೆಯಲ್ಲಿ ಮಣೆ ಹಾಕಿಸಿದ್ದರು. ಬೀದಿಯಲ್ಲಿ ಹೋಗುವವರಿಗೆಲ್ಲ ಕಾಣುತ್ತಿತ್ತು.

"ಕೂತ್ಕೊ," ಎಂದರು.

"ಅತ್ತೆ, ಕಂಪನಿ ಬಸ್ಸು—"

"ಬಸ್ಸು ಕಾಯ್ಲಿ. ಸೆರಗು ಒಡ್ಡು."

ಮಧುಶ್ರೀ ಕೂತು ಸೆರಗು ಹಿಡಿದಳು. ಚನ್ನಬಸಮ್ಮ ಎರಡೂ ಕೈಯಲ್ಲಿ ಅಕ್ಕಿ ಎತ್ತಿದರು. ಬೊಗಸೆ ನಡುಗಿತು. ಅರ್ಧ ಅಕ್ಕಿ ಮಡಿಲಿಗೆ, ಅರ್ಧ ನೆಲಕ್ಕೆ ಬಿತ್ತು. ಮಧುಶ್ರೀ ಅವರ ಮಣಿಕಟ್ಟು ಹಿಡಿಯಲು ಕೈ ಚಾಚಿದಳು.

"ಹಿಡೀಬ್ಯಾಡ," ಎಂದರು ಚನ್ನಬಸಮ್ಮ. ಚೆಲ್ಲಿದ ಅಕ್ಕಿಯ ಕಡೆ ನೋಡಲೇ ಇಲ್ಲ. ಇನ್ನೊಂದು ಬೊಗಸೆ ತುಂಬಿದರು. "ಈಗ ಆ ಮಾತ್ರೆ ಇಲ್ಲ ಕಣೆ. ಇದು ನಾನೇ."